ಪೇಟೆ ಬೀದಿಯ ದೆವ್ವದ ಕ್ಯಾಸೆಟ್

ಒಂದು ಹಳೇ ದೆವ್ವದ ಸಿನಿಮಾಕ್ಕೆ ಆರು ವರ್ಷ ಹುಡುಕಿದೆ ಅಂದರೆ ನಮ್ಮ ಮನೆಯಲ್ಲಿ ಯಾರಿಗೂ ಅರ್ಥ ಆಗುವುದಿಲ್ಲ. ಯೂಟ್ಯೂಬ್ ತುಂಬಾ ದೆವ್ವಗಳೇ ಇವೆಯಲ್ಲ, ಸುಮ್ನೆ ಅದನ್ನೇ ನೋಡಬಾರದಾ ಅಂತಾರೆ. ಹೆಸರು ಮಾತ್ರ ಈಗ ಹೇಳುವುದಿಲ್ಲ. ಇನ್ನೊಂದು ಕಾಪಿ ಹುಡುಕುತ್ತಿದ್ದೇನೆ, ಹೆಸರು ಹೊರಗೆ ಬಿದ್ದರೆ ರೇಟು ಏರಿಬಿಡುತ್ತದೆ.

ಸಿಕ್ಕಿದ್ದು ಮಂಡ್ಯದ ಪೇಟೆ ಬೀದಿ ಹತ್ತಿರ. ಯಾವಾಗಲೋ ಬಾಗಿಲು ಹಾಕಿದ ವಿಡಿಯೋ ಲೈಬ್ರರಿಯವರ ಮನೆಯ ಅಟ್ಟದಲ್ಲಿ. ವಿಎಚ್‌ಎಸ್ ಕ್ಯಾಸೆಟ್, ಸುರುಳಿಯ ಅಂಚಿಗೆಲ್ಲ ಬಿಳಿ ಬೂಷ್ಟು. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಬಾಲ್‌ಪೆನ್ನಿನಿಂದ 113 ಅಂತ ನಂಬರು, ಕೆಳಗೆ 'ಮಕ್ಕಳಿಗೆ ಕೊಡಬೇಡಿ'.

ಎರಡು ದಿನ ಕೂತು ಬೂಷ್ಟು ಒರೆಸಿ, ಕ್ಯಾಸೆಟ್ ಓಡಿಸುವ ಮೆಷಿನ್ನಿಗೆ, ಅಂದರೆ ವಿಸಿಆರ್‌ಗೆ ಹಾಕಿದೆ. ಚಿತ್ರ ಪರವಾಗಿಲ್ಲ. ಆದರೆ ಬಾವಿಯಿಂದ ಕೈ ಮೇಲೆ ಬರುವ ಸೀನಿಗೆ ಸರಿಯಾಗಿ ಪರದೆ ತುಂಬಾ ಬಿಳಿ ಗೆರೆ. ಅಯ್ಯೋ, ಇಲ್ಲೇ ಹಾಳಾಗಬೇಕಿತ್ತಾ ಅಂದುಕೊಂಡೆ. ಆಮೇಲೆ ಹೊಳೆಯಿತು. ಪಾಜ್ ಬಟನ್ ಒತ್ತಿದರೆ ಟೇಪು ನಿಲ್ಲುತ್ತದೆ, ಒಳಗೆ ಟೇಪನ್ನು ಓದುವ ಹೆಡ್ ಮಾತ್ರ ತಿರುಗುತ್ತಲೇ ಇದ್ದು ಅದೇ ಜಾಗವನ್ನು ಉಜ್ಜುತ್ತದೆ. ಬಾಡಿಗೆಗೆ ಒಯ್ದವರೆಲ್ಲ ಆ ಕೈ ಹತ್ತಿರವೇ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಪಕ್ಕದ ಮನೆಯವರನ್ನೂ ಕರೆದು ಮತ್ತೆ ನೋಡಿರಬೇಕು. ನಮ್ಮೂರು ಎಲ್ಲಿ ಬೆಚ್ಚಿಬಿತ್ತು ಅನ್ನುವುದು ಆ ಟೇಪಿನ ಮೇಲೆ ಗೀರಾಗಿ ಕೂತಿದೆ. ನನಗೆ ಬೇಕಾಗಿರುವುದು ಇದೇ. ಎಷ್ಟೇ ಕ್ಲೀನ್ ಪ್ರಿಂಟ್ ಬರಲಿ, ಇದು ಅದರಲ್ಲಿ ಇರುತ್ತದಾ?

ಕಳಪೆ ಸಿನಿಮಾ ಅಲ್ವಾ, ಹೋದರೆ ಹೋಗಲಿ ಅನ್ನುವವರಿದ್ದಾರೆ. ಆ ಮಾತು ಕೇಳಿದರೆ ಹೊಟ್ಟೆ ಉರಿಯುತ್ತದೆ. ಕನ್ನಡದ ಮೊದಲ ಟಾಕಿ, 1934ರ 'ಸತಿ ಸುಲೋಚನ', ಅದರದ್ದೇ ಒಂದು ಪ್ರಿಂಟ್ ಉಳಿದಿಲ್ಲ. ಅದಕ್ಕೇ ದಿಕ್ಕಿಲ್ಲದ ಮೇಲೆ ಬಾವಿಯ ದೆವ್ವವನ್ನು ಯಾರು ಕಾಯುತ್ತಾರೆ? 1922ರ ಜರ್ಮನಿಯ ದೆವ್ವದ ಸಿನಿಮಾ 'ನೊಸ್ಫೆರಾಟು' ನೋಡಿ. ಡ್ರಾಕುಲಾ ಕಥೆಯನ್ನು ಕೇಳದೆ ಬಳಸಿದರು ಅಂತ ಅದನ್ನು ಬರೆದ ಬ್ರಾಮ್ ಸ್ಟೋಕರ್ ಹೆಂಡತಿ ಕೇಸು ಹಾಕಿ ಗೆದ್ದರು, ಎಲ್ಲ ಪ್ರಿಂಟುಗಳನ್ನೂ ನಾಶ ಮಾಡಿ ಅಂತ ಜರ್ಮನಿಯ ಕೋರ್ಟು ಹೇಳಿತು. ಅಲ್ಲಿ ಇಲ್ಲಿ ಕೆಲವು ಕಾಪಿ ಉಳಿದುಕೊಂಡಿದ್ದಕ್ಕೆ ಇವತ್ತು ಅದನ್ನು ನೋಡುತ್ತಿದ್ದೇವೆ.

ಟೈಮೂ ಜಾಸ್ತಿ ಇಲ್ಲ. ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲೇ ವಿಸಿಆರ್ ಮಾಡುವುದನ್ನು ನಿಲ್ಲಿಸಿತು. ಈಗ ಹಳೇ ಮೆಷಿನ್ನುಗಳನ್ನೇ ಬಿಚ್ಚಿ ಕಟ್ಟಿ ಓಡಿಸಬೇಕು.

ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಯಾರ ಅಟ್ಟದಲ್ಲಾದರೂ ಹಳೇ ಕ್ಯಾಸೆಟ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ಒಂದು ಮೆಸೇಜ್ ಮಾಡಿ. ಓಡುತ್ತಾ ಇಲ್ವಾ ನೋಡೋಣ ಅಂತ ಮೆಷಿನ್ನಿಗೂ ಹಾಕಬೇಡಿ, ಬೂಷ್ಟು ಇದ್ದರೆ ಟೇಪು ಕಿತ್ತುಹೋಗುತ್ತದೆ. ನಾನೇ ಬಂದು ನೋಡುತ್ತೇನೆ.