ಮ್ಯಾಜಿಕ್ ರೆಸಿಸ್ಟೆನ್ಸ್ ಎಂದರೆ ಅರ್ಧ ಹಾನಿ ಅಲ್ಲ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಉರುಳಿಸಿ ಆಡುವ ಕಥೆಯಾಟದ ಬಗ್ಗೆ ಹಾಸನದ ಹೊಸ ಆಟಗಾರರಿಗೆಂದು ಬರೆದ ಲೇಖನ ಚೆನ್ನಾಗಿದೆ. ಆದರೆ ‘ಮ್ಯಾಜಿಕ್ ರೆಸಿಸ್ಟೆನ್ಸ್ ಇರುವ ಜೀವಿಗೆ ಮಂತ್ರದ ಹಾನಿ ಅರ್ಧ’ ಎಂಬ ಸಾಲನ್ನು ದಯವಿಟ್ಟು ತಿದ್ದಿ. ಆಟದ ಐದನೇ ಆವೃತ್ತಿಯಲ್ಲಿ (2014) ಮಂತ್ರಕ್ಕೆ ಎದುರು ನಿಲ್ಲುವ ಈ ಗುಣ ಕೊಡುವುದು ಸೇವಿಂಗ್ ಥ್ರೋಗೆ, ಅಂದರೆ ಮಂತ್ರದ ಪರಿಣಾಮದಿಂದ ತಪ್ಪಿಸಿಕೊಳ್ಳಲು ಉರುಳಿಸುವ ದಾಳಕ್ಕೆ, ಅಡ್ವಾಂಟೇಜ್ ಮಾತ್ರ: ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ, ಹೆಚ್ಚು ಬಿದ್ದದ್ದನ್ನು ಹಿಡಿಯಬೇಕು. ಫೈರ್‌ಬಾಲ್ ಎಂಬ ಬೆಂಕಿಯ ಮಂತ್ರದಿಂದ ತಪ್ಪಿಸಿಕೊಳ್ಳಲು ಮುಟ್ಟಬೇಕಾದ ಗುರಿಸಂಖ್ಯೆ 15, ಜೀವಿಯ ಡೆಕ್ಸ್‌ಟೆರಿಟಿ (ಚುರುಕುತನ) ಸೇವ್‌ಗೆ ಕೂಡುವ ಅಂಕ +3 ಎನ್ನಿ. ದಾಳದಲ್ಲಿ 12 ಅಥವಾ ಹೆಚ್ಚು ಬೀಳಬೇಕು; ಶೇ 45 ಇದ್ದ ಅವಕಾಶ ಸುಮಾರು ಶೇ 70ಕ್ಕೆ ಏರುತ್ತದೆ. ಗೆದ್ದಾಗ ಹಾನಿ ಅರ್ಧವಾಗುವುದು ಫೈರ್‌ಬಾಲ್‌ನದೇ ನಿಯಮದಿಂದ. ಗೊಂದಲ ಹುಟ್ಟುವುದೇ ಇಲ್ಲಿ. ಫೈರ್ ಬೋಲ್ಟ್ ಮಂತ್ರಕ್ಕೆ ಸೇವ್ ಇಲ್ಲ, ದಾಳಿಯ ದಾಳವಷ್ಟೇ; ಮ್ಯಾಜಿಕ್ ಮಿಸೈಲ್‌ಗೆ ಅದೂ ಇಲ್ಲ. ಹಾಗಾಗಿ ಅಲ್ಲಿ ಮ್ಯಾಜಿಕ್ ರೆಸಿಸ್ಟೆನ್ಸ್ ನೆರವಾಗದು; ತಾಗಿದರೆ ಹಾನಿ ಪೂರ್ತಿ. ಮೂರನೇ ಆವೃತ್ತಿಯ ಸ್ಪೆಲ್ ರೆಸಿಸ್ಟೆನ್ಸ್ ಬೇರೆಯೇ: ಅಲ್ಲಿ ಮಂತ್ರ ಹಾಕುವವರೇ ದಾಳ ಉರುಳಿಸಿ, ಕ್ಯಾಸ್ಟರ್ ಲೆವೆಲ್ (ಮಂತ್ರ ಹಾಕುವ ತಮ್ಮ ಮಟ್ಟ) ಕೂಡಿಸಿ, ಜೀವಿಯ ಸ್ಪೆಲ್ ರೆಸಿಸ್ಟೆನ್ಸ್ ಸಂಖ್ಯೆಯನ್ನು ಮುಟ್ಟಬೇಕು.