ಕ್ರಾಫರ್ಡ್ ಸಾಹೇಬರ ಕೈಸಾಲ

ಜಮೀನು ಅಳೆದು ಪಾಲು ಬೇರೆ ಮಾಡುವ ಪೋಡಿಗೆ ಕಾಸು ಕೇಳಿದ ಸರ್ವೇಯರ್ ಲೋಕಾಯುಕ್ತದ ಬಲೆಗೆ ಬಿದ್ದ ಸುದ್ದಿಯನ್ನು ಹಾಸನದವರು ಈಗ ಓದುವುದಿಲ್ಲ. ಆಲೂರೋ ಅರಕಲಗೂಡೋ ಅಂತಷ್ಟೇ ನೋಡಿ ಪುಟ ತಿರುವುತ್ತಾರೆ. ಪಕ್ಕದಲ್ಲೇ ಯಾರದೋ ಭಾಷಣ ಇರುತ್ತದೆ: 2024ರ ಜುಲೈ 1ಕ್ಕೆ ಹೊಸ ಅಪರಾಧ ಕಾನೂನುಗಳು ಬಂದವು, ಬ್ರಿಟಿಷರ ಕಾನೂನು ತೊಲಗಿತು, ಗುಲಾಮಗಿರಿ ಮುಗಿಯಿತು. ಚಪ್ಪಾಳೆ.

ಬ್ರಿಟಿಷರನ್ನು ಹಾಗೆಲ್ಲ ಹಳಿಯಬಾರದು. ಲಂಚದ ಆರೋಪ ಹೊತ್ತ ತಮ್ಮ ಸಾಹೇಬರ ಮೇಲೂ ಅವರು ಕಾನೂನು ಪ್ರಯೋಗಿಸಿದವರೇ. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲೆ ಹದಿನಾಲ್ಕನೇ ಶತಮಾನದ ವಾಗ್ದಂಡನೆಯ ಅಸ್ತ್ರವನ್ನೇ ಹೊರತೆಗೆದರು. 1788ರಲ್ಲಿ ಶುರುವಾದದ್ದು 1795ರಲ್ಲಿ ಖುಲಾಸೆ. ನಮ್ಮ ಗಡಿ ತಕರಾರಿನ ದಾವೆಗಳ ಮುಂದೆ ಇದು ಶರವೇಗ. ವಕೀಲರ ಖರ್ಚಿನಲ್ಲಿ ಮುಳುಗಿದವನಿಗೆ ಈಸ್ಟ್ ಇಂಡಿಯಾ ಕಂಪನಿ ವರ್ಷಕ್ಕೆ 4,000 ಪೌಂಡ್ ಪಿಂಚಣಿಯನ್ನೂ ಕೊಟ್ಟಿತು.

ಸರ್ಕಾರಿ ನೌಕರರ ವಿಚಾರಣೆಗೆಂದು ಬಂದ 1850ರ 37ನೇ ಕಾಯ್ದೆ ಇನ್ನೂ ಸೊಗಸು. ದೂರುದಾರ ಆರೋಪವನ್ನು ಬರೆದು ಪ್ರಮಾಣ ಮಾಡಬೇಕು. ಮೊಕದ್ದಮೆಯನ್ನು ಸರ್ಕಾರ ಅವನ ತಲೆಗೇ ಕಟ್ಟಿದರೆ, ಕೊನೆತನಕ ನಡೆಸುತ್ತೇನೆ ಅಂತ ಜಾಮೀನನ್ನೂ ಕೊಡಬೇಕು. ಮುಂಬೈ ಮಾರುಕಟ್ಟೆಗೆ ಹೆಸರು ಬಿಟ್ಟುಹೋದ ಬ್ರಿಟಿಷ್ ಅಧಿಕಾರಿ ಕ್ರಾಫರ್ಡ್ 1888ರಲ್ಲಿ ಈ ಕಾಯ್ದೆಯಡಿಯೇ ವಿಚಾರಣೆಗೆ ಕೂತ. ಬಡ್ತಿಗೆ, ವರ್ಗಾವಣೆಗೆ ಮಾಮಲೇದಾರರಿಂದ, ಅಂದರೆ ತಹಸೀಲ್ದಾರರಿಂದ, ದುಡ್ಡು ತಿಂದ ಆರೋಪ. ಲಂಚ ಸಾಬೀತಾಗಿಲ್ಲ, ಕೈಕೆಳಗಿನವರ ಹತ್ತಿರ ಸಾಲ ಮಾಡಿದ್ದು ತಪ್ಪು ಎಂದಿತು ಆಯೋಗ. ಅವನ ನೌಕರಿ ಹೋಯಿತು. ಕ್ಷಮೆಯ ಭರವಸೆ ನಂಬಿ ಬಾಯಿಬಿಟ್ಟ ಮಾಮಲೇದಾರರಲ್ಲೂ ಕೆಲವರ ನೌಕರಿ ಹೋಯಿತು.

ಆ ಸಾಲ ಇನ್ನೂ ತೀರಿಲ್ಲ. ಲಂಚ ಪಡೆಯುವಾಗಲೇ ಹಿಡಿಯುವ ನಮ್ಮ ಟ್ರ್ಯಾಪ್ ನೋಡಿ. ನೋಟಿನ ನಂಬರುಗಳನ್ನು ಮಹಜರಿಗೆ ಇಳಿಸಿ ಫಿನಾಲ್ಫ್ತಲೀನ್ ಪುಡಿ ಸವರುತ್ತಾರೆ. ಮುಟ್ಟಿದ ಬೆರಳನ್ನು ಸೋಡಿಯಂ ಕಾರ್ಬೊನೇಟ್ ನೀರಿಗೆ ಅದ್ದಿಸಿದರೆ ನೀರು ಗುಲಾಬಿ. ಬಾಟಲಿಗೆ ಸೀಲು, ಪೇಪರಿಗೆ ಫೋಟೊ. ಆದರೆ ಗುಲಾಬಿ ನೀರು ಮುಟ್ಟಿದ್ದನ್ನು ಹೇಳುತ್ತದೆ, ಕೇಳಿದ್ದನ್ನು ಹೇಳುವುದಿಲ್ಲ. ಕೋರ್ಟಿಗೆ ಬೇಕಾದದ್ದು ಕೇಳಿದ್ದು. ಜೊತೆಗೆ ಕಳಿಸಿದ ಸಾಕ್ಷಿ ಬಾಗಿಲಾಚೆ ನಿಂತಿದ್ದರೆ ಅವನ ಕಿವಿಗೆ ಏನೂ ಬಿದ್ದಿರುವುದಿಲ್ಲ. ರೆಕಾರ್ಡಿಂಗಿಗೆ ಪ್ರಮಾಣಪತ್ರ ಲಗತ್ತಿಸದಿದ್ದರೆ ಅದೂ ಕೆಲಸಕ್ಕೆ ಬಾರದು. ವರ್ಷಗಟ್ಟಲೆ ಅಲೆದು ಸೋತ ದೂರುದಾರ ಕಟಕಟೆಯಲ್ಲಿ ತಿರುಗಿಬೀಳುತ್ತಾನೆ. ಆಗ ಸಾಹೇಬರ ವಕೀಲರು ಎದ್ದು ಹೇಳುವ ಮಾತು: ಸ್ವಾಮಿ, ಅದು ಕೈಸಾಲ.

ಇನ್ನು ಮಂಜೂರಾತಿ. ಸಾಹೇಬರ ಮೇಲೆ ಕೇಸು ನಡೆಸಲು ಸಾಹೇಬರ ಸಾಹೇಬರು ಒಪ್ಪಬೇಕೆಂಬ, ದಂಡ ಪ್ರಕ್ರಿಯಾ ಸಂಹಿತೆಯ ಬ್ರಿಟಿಷ್ ಕಾಲದ 197ನೇ ಕಲಂ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 218 ಎಂಬ ಹೊಸ ನಂಬರ್ ಪ್ಲೇಟ್ ಹಾಕಿಕೊಂಡು ಓಡಾಡುತ್ತಿದೆ. ಅಲ್ಲಿ 120 ದಿನ ಸುಮ್ಮನಿದ್ದರೆ ಒಪ್ಪಿದಂತೆ ಅಂತಲಾದರೂ ಬರೆದಿದ್ದಾರೆ. ಲಂಚದ ಕೇಸಿಗೆ ಬೇರೆಯೇ ಕಾಯ್ದೆ, ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಂ. ಮೂರು ತಿಂಗಳು, ಕಾನೂನು ಸಲಹೆ ಬೇಕೆಂದರೆ ಮತ್ತೊಂದು ತಿಂಗಳು. ಅದೂ ದಾಟಿದರೆ? ಮಂಜೂರಾತಿ ತಾನಾಗಿ ಬರುವುದಿಲ್ಲ, ಕಾಯುವುದು.

ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಸಲು ಬಗರ್‌ಹುಕುಂ ಫಾರಂ 57 ಹಿಡಿದು ಅಲೆಯುವ ಮುದುಕನಿಗೆ ಮಾತ್ರ ಕಾನೂನು ಬಹಳ ಚುರುಕು. ಬಲವಂತಕ್ಕೆ ಲಂಚ ಕೊಟ್ಟಿದ್ದರೂ ಏಳು ದಿನದೊಳಗೆ ಪೊಲೀಸರಿಗೆ ಹೇಳಬೇಕು. ಎಂಟನೇ ದಿನ ಅವನೂ ಅಪರಾಧಿ.