ಜೂನಿಯರ್ ಗಾಲ್ಫಲ್ಲಿ ಮಕ್ಕಳು ಸ್ಲೋ ಅಲ್ಲ, ನಾವು ಸ್ಲೋ ಮಾಡ್ತಿದೀವಿ

ಮೂರು ಮಕ್ಕಳ ಗ್ರೂಪೊಂದು 18 ಹೋಲ್ ಮುಗಿಸೋಕೆ ಐದೂವರೆ ಗಂಟೆ ತಗೊಳ್ಳೋದು ಈಗ ಬೆಂಗಳೂರು ಸುತ್ತಮುತ್ತ ನಾನು ನೋಡೋ ಜೂನಿಯರ್ ಟೂರ್ನಮೆಂಟುಗಳಲ್ಲಿ ಮಾಮೂಲಿ ಆಗ್ಬಿಟ್ಟಿದೆ, ಪಾರ್ಕಿಂಗಲ್ಲಿ ಎಲ್ಲರೂ ಗೊಣಗ್ತಾರೆ ಆದ್ರೆ ಜೋರಾಗಿ ಯಾರೂ ಹೇಳಲ್ಲ, ಅದಕ್ಕೇ ಬರೀತಿದೀನಿ. ನನ್ನ ಮಗಳೂ ಆಡ್ತಾಳೆ, ಅವಳ ಗ್ರೂಪ್ ಇಲ್ಲದ ಕಡೆ ನಾನು ಮಾರ್ಷಲ್ ಕೆಲಸಕ್ಕೆ, ಅಂದ್ರೆ ಆಟ ಸರಿಯಾಗಿ ಸಾಗ್ತಿದೆಯಾ ನೋಡ್ಕೊಳ್ಳೋಕೆ ನಿಂತ್ಕೊಳ್ತೀನಿ, ಹಂಗಾಗಿ ಎರಡೂ ಕಡೆಯಿಂದ ನೋಡಿ ಗೊತ್ತಿದೆ.

ಒಂದು ಗ್ರೀನ್ ಮೇಲೆ, ಅಂದ್ರೆ ಹೋಲ್ ಇರೋ ನುಣ್ಣನೆ ಹುಲ್ಲಿನ ಜಾಗದಲ್ಲಿ, ನಡೆದಿದ್ದನ್ನ ಹೇಳ್ತೀನಿ. ಹತ್ತನ್ನೆರಡು ವರ್ಷದ ಹುಡುಗ, ನಾಲ್ಕಡಿ ಪಟ್, ಅಂದ್ರೆ ಬಾಲನ್ನ ಹೋಲಿಗೆ ಉರುಳಿಸೋ ಶಾಟ್. ಬಾಲ್ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡ್ದ, ಹೋಲ್ ಆಚೆ ಹೋಗಿ ಅಲ್ಲೂ ಕೂತು ನೋಡ್ದ, ಬಾಲ್ ಮೇಲಿರೋ ಗೆರೆನ ಲೈನಿಗೆ ಸರಿಯಾಗಿ ತಿರುಗಿಸಿ ಇಟ್ಟ, ಎದ್ದು ನೋಡಿದ್ರೆ ಸಮಾಧಾನ ಆಗ್ಲಿಲ್ಲ, ಮತ್ತೆ ಬಗ್ಗಿ ತಿರುಗಿಸ್ದ, ಮೂರು ಪ್ರಾಕ್ಟೀಸ್ ಸ್ಟ್ರೋಕ್ ಆಯ್ತು, ಆಮೇಲೆ ತಲೆ ಎತ್ತಿ ಕಾರ್ಟ್ ಪಾತ್ ಕಡೆ ನೋಡ್ದ. ಅಲ್ಲಿ ಅವರಪ್ಪ ಎಡಗೈನ ಒಂಚೂರು ಆಡಿಸಿದ್ರು. ಹುಡುಗ ಮತ್ತೆ ಬಾಲ್ ಹಿಂದೆ ಹೋಗಿ ಕೂತ. ಅಷ್ಟೊತ್ತೂ ಹಿಂದಿನ ಗ್ರೂಪಿನ ಮೂರು ಮಕ್ಕಳು ಫೇರ್‌ವೇ ಮಧ್ಯೆ ಬಿಸಿಲಲ್ಲಿ ಕಾಯ್ತಿದ್ರು, ಅದರಲ್ಲೊಂದು ಹುಡುಗಿ ಟೋಪಿ ತೆಗೆದು ಅದಕ್ಕೆ ನೀರು ಹಾಕ್ಕೊಂಡು ಮತ್ತೆ ತಲೆಗಿಟ್ಕೊಂಡ್ಲು. ನಾನು ಹೋಗಿ "ಸರ್, ದಯವಿಟ್ಟು ಸಿಗ್ನಲ್ ಮಾಡ್ಬೇಡಿ" ಅಂದೆ. "ಏನ್ ಮೇಡಂ, ಮಗು ಅಲ್ವಾ" ಅಂದ್ರು.

ಮಗು ಹೌದು ಸರ್, ಬಿಸಿಲಲ್ಲಿ ಕಾಯ್ತಿದ್ದವೂ ಮಕ್ಕಳೇ.

ರೂಲ್ ಏನು ಅಂತ ಸುಮಾರು ಪೇರೆಂಟ್ಸಿಗೆ ಗೊತ್ತೇ ಇಲ್ಲ. 2019ರಲ್ಲಿ ಗಾಲ್ಫ್ ರೂಲ್ಸ್ ಮಾಡೋ ಸಂಸ್ಥೆಗಳಾದ ಆರ್ ಅಂಡ್ ಎ, ಯುಎಸ್‌ಜಿಎ ಸೇರಿ ರೂಲ್ಸ್ ಬದಲಾಯಿಸಿದಾಗ ಆಟ ಬೇಗ ಸಾಗ್ಲಿ ಅಂತಾನೇ ಎಷ್ಟೋ ಮಾಡಿದ್ರು. ಬಾಲ್ ಹುಡುಕೋಕೆ 5 ನಿಮಿಷ ಇದ್ದಿದ್ದು 3 ಆಯ್ತು. ಫ್ಲ್ಯಾಗ್ ತೆಗೀದೇನೇ ಪಟ್ ಮಾಡ್ಬಹುದು. ನಿಮ್ಮ ಸರದಿ ಬಂದು ಅಡ್ಡಿ ಏನೂ ಇಲ್ಲ ಅಂದ್ರೆ 40 ಸೆಕೆಂಡಲ್ಲಿ ಹೊಡೀರಿ, ಸಾಮಾನ್ಯವಾಗಿ ಅದಕ್ಕಿಂತ ಬೇಗನೇ ಆಗ್ಬೇಕು ಅಂತ ಅದರಲ್ಲೇ ಬರೆದಿದೆ. ಒಟ್ಟು ಹೊಡೆತ ಎಣಿಸೋ ಸ್ಟ್ರೋಕ್ ಪ್ಲೇನಲ್ಲಿ ಯಾರು ರೆಡಿ ಇದಾರೋ ಅವರು ಮೊದಲು ಹೊಡೀಬಹುದು, ಅಪಾಯ ಇಲ್ಲ ಅಂದ್ರೆ ಸಾಕು. ಇದು ಬಂದು ಇಷ್ಟು ವರ್ಷ ಆದ್ರೂ ನಮ್ಮ ಮಕ್ಕಳು "ನೀನು ದೂರ ಇದ್ದೀಯ, ನೀನು ಹೊಡಿ" ಅಂತ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಿಂತಿರ್ತಾವೆ, ಯಾಕಂದ್ರೆ ಹೇಳ್ಕೊಟ್ಟಿಲ್ಲ.

ಲೆಕ್ಕ ಹಾಕಿ ನೋಡಿ. ಒಬ್ಬೊಬ್ಬರು 90 ಹೊಡೆದ್ರೆ ಮೂರು ಜನಕ್ಕೆ 270 ಶಾಟ್. ಒಂದೊಂದಕ್ಕೆ ಬರೀ 20 ಸೆಕೆಂಡ್ ಜಾಸ್ತಿ ತಗೊಂಡ್ರೂ 5,400 ಸೆಕೆಂಡ್, ಅಂದ್ರೆ ಒಂದೂವರೆ ಗಂಟೆ. ಮಕ್ಕಳು ಓಡಿ ಹೋಗಿ ಹೊಡೀಬೇಕಾಗಿಲ್ಲ, ಶಾಟ್‌ನ ಅವಸರ ಮಾಡ್ಬೇಕಾಗಿಲ್ಲ. ಪಕ್ಕದವನು ಹೊಡೀವಾಗ್ಲೇ ಗ್ಲೌಸ್ ಹಾಕ್ಕೊಂಡು, ಯಾರ್ಡೇಜ್ (ಎಷ್ಟು ದೂರ ಅಂತ) ನೋಡ್ಕೊಂಡು, ಯಾವ ಕ್ಲಬ್ ಅಂತ ತೀರ್ಮಾನ ಮಾಡಿರ್ಬೇಕು ಅಷ್ಟೇ. ಗ್ರೀನಿಗೆ ಬಂದಾಗ ಬ್ಯಾಗನ್ನ ಮುಂದಿನ ಟೀ (ಹೋಲಿನ ಮೊದಲ ಶಾಟ್ ಹೊಡೆಯೋ ಜಾಗ) ಕಡೆ ಬದಿಗೆ ಇಡೋದು, ಸ್ಕೋರನ್ನ ಅಲ್ಲೇ ಹೋಲ್ ಪಕ್ಕ ನಿಂತು ಬರೀದೇ ಮುಂದಿನ ಟೀಗೆ ಹೋಗಿ ಬರ್ಕೊಳ್ಳೋದು, ಬಾಲ್ ಕಾಡಿಗೆ ಹೋಗಿರ್ಬಹುದು ಅನಿಸಿದ್ರೆ ತಕ್ಷಣ ಪ್ರಾವಿಶನಲ್, ಅಂದ್ರೆ ಅದು ಸಿಗದಿದ್ರೆ ಇರ್ಲಿ ಅಂತ ಅಲ್ಲಿಂದಲೇ ಇನ್ನೊಂದು ಬಾಲ್ ಹೊಡೆಯೋದು. ಈ ಕೊನೇದನ್ನ ಒಂದೇ ಒಂದು ಕಲಿಸಿದ್ರೂ ಎಷ್ಟೋ ಟೈಮ್ ಉಳಿಯುತ್ತೆ, ಹುಡುಕಿ ಸಿಗದೇ ಅಷ್ಟು ದೂರ ವಾಪಸ್ ಟೀಗೆ ನಡ್ಕೊಂಡು ಹೋಗೋ ಮಗುನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಒಂದು ಮಾತು ಸ್ಪಷ್ಟವಾಗಿ ಹೇಳ್ಬೇಕು, ಜಾಸ್ತಿ ಹೊಡೆಯೋ ಮಗು ಅಂದ್ರೆ ಸ್ಲೋ ಮಗು ಅಲ್ಲ. 115 ಹೊಡೆದೂ ಚಕಚಕ ಆಡೋ ಮಕ್ಕಳನ್ನ ನೋಡಿದೀನಿ, 74 ಹೊಡೆದು ಇಡೀ ಕೋರ್ಸನ್ನ ನಿಲ್ಲಿಸಿದವರನ್ನೂ ನೋಡಿದೀನಿ. ತೀರಾ ಚಿಕ್ಕವರಿಗೆ ಮ್ಯಾಕ್ಸಿಮಮ್ ಸ್ಕೋರ್ ಫಾರ್ಮ್ಯಾಟ್ ಇಡೋಕೆ ರೂಲ್ಸಲ್ಲೇ ಅವಕಾಶ ಇದೆ, ಇಷ್ಟಕ್ಕೆ ಮುಟ್ಟಿದ ಮೇಲೆ ಬಾಲ್ ಎತ್ಕೋ ಪುಟ್ಟ, ಮುಂದಿನ ಹೋಲಿಗೆ ನಡಿ ಅನ್ನಬಹುದು. ಬಂಕರಲ್ಲಿ, ಅಂದ್ರೆ ಮರಳು ಗುಂಡೀಲಿ ಸಿಕ್ಕಾಕ್ಕೊಂಡು ಅಳೋ ಮಗುಗೆ ಅದೊಂದು ದೊಡ್ಡ ಉಪಕಾರ.

ಪೆನಾಲ್ಟಿ ವಿಷಯಕ್ಕೆ ಬಂದ್ರೆ ಎಲ್ಲರ ಮನಸ್ಸೂ ಕರಗುತ್ತೆ. ಚೀನಾದ ಗುವಾನ್ ಟಿಯಾನ್‌ಲಾಂಗ್ ನೆನಪಿದಾನಾ? 2013ರಲ್ಲಿ ಅಮೆರಿಕದ ದೊಡ್ಡ ಟೂರ್ನಮೆಂಟ್ ಮಾಸ್ಟರ್ಸಲ್ಲಿ ಆಡಿದಾಗ ಅವನಿಗೆ ಬರೀ 14 ವರ್ಷ. ಎರಡನೇ ದಿನ ಮೊದಲು ವಾರ್ನಿಂಗ್ ಕೊಟ್ಟು, ಆಮೇಲೆ 17ನೇ ಹೋಲಲ್ಲಿ ಸ್ಲೋ ಪ್ಲೇಗೆ ಒಂದು ಸ್ಟ್ರೋಕ್ ಪೆನಾಲ್ಟಿ ಹಾಕಿದ್ರು. ದೊಡ್ಡ ದೊಡ್ಡ ಪ್ರೊಗಳು ಆರಾಮಾಗಿ ಆಡ್ಕೊಂಡು ಹೋಗ್ವಾಗ ಈ ಹುಡುಗನೇ ಸಿಕ್ಕಿದ್ನಾ ಅಂತ ಜನ ಕೇಳಿದ್ರು, ಆ ಪ್ರಶ್ನೆಲಿ ನ್ಯಾಯ ಇದೆ. ಆದ್ರೆ ಹುಡುಗ ತೀರ್ಮಾನ ಒಪ್ಕೊಂಡ, ಸರಿಯಾಗಿ ಕಟ್ ಲೈನ್ (ಕೊನೇ ಎರಡು ದಿನ ಆಡೋಕೆ ಬೇಕಾದ ಸ್ಕೋರ್) ಮೇಲೇ ಉಳ್ಕೊಂಡ, ವಾರದ ಕೊನೇಲಿ ಲೋ ಅಮೆಚೂರ್, ಅಂದ್ರೆ ಅಮೆಚೂರ್ ಆಟಗಾರರಲ್ಲಿ ಮೊದಲಿಗ ಆದ. ಮಾಸ್ಟರ್ಸಲ್ಲೇ 14 ವರ್ಷದವನಿಗೆ ವಾಚ್ ಹಿಡಿದ್ರು ಅಂದ್ಮೇಲೆ ನಮ್ಮ ಜೂನಿಯರ್ ಟೂರ್ನಮೆಂಟಲ್ಲಿ ಹಿಡೀದೇ ಇರೋದು ಯಾವ ಸೀಮೆ ಕರುಣೆ? ಮೊದಲ ಸಲ ಅನಗತ್ಯ ತಡ ಮಾಡಿದ್ರೆ ಒಂದು ಸ್ಟ್ರೋಕ್ ಅಂತ ರೂಲ್ ಇದೆ, ಹಾಕಿ. 12ನೇ ವಯಸ್ಸಲ್ಲಿ ಒಂದು ಸ್ಟ್ರೋಕ್ ಕಳ್ಕೊಂಡ್ರೆ ಅವತ್ತು ರಾತ್ರಿ ಊಟ ಸೇರಲ್ಲ, ಅಷ್ಟೇ. ದೊಡ್ಡವರಾದ್ಮೇಲೆ ಸುಮ್ನೆ ಬಿಡ್ತಾರೆ ಅನ್ಕೋಬೇಡಿ, ಹೆಣ್ಮಕ್ಕಳ ಪ್ರೊ ಟೂರ್ ಎಲ್‌ಪಿಜಿಎ 2025ರಲ್ಲಿ ಸ್ಲೋ ಪ್ಲೇ ಪೆನಾಲ್ಟಿನ ಇನ್ನೂ ಬಿಗಿ ಮಾಡಿದೆ.

ಪೇರೆಂಟ್ಸಿಗೆ ಇನ್ನೊಂದು. ಟೋಕಿಯೋ ಒಲಿಂಪಿಕ್ಸಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನಕ್ಕೆ ಬಂದಾಗ ಬ್ಯಾಗ್ ಹೊತ್ತಿದ್ದು ಅವರಮ್ಮ, ಅದನ್ನ ನೋಡಿ ನಮಗೆಲ್ಲ ಕಣ್ಣು ತುಂಬಿ ಬಂತು. ಆದ್ರೆ ಅವರು ಅವತ್ತು ಕ್ಯಾಡಿ, ಕ್ಯಾಡಿ ಸಲಹೆ ಕೊಡಬಹುದು. ಹಗ್ಗದಾಚೆ ನಿಂತಿರೋ ನಾವು ಕೊಡೋ ಹಂಗಿಲ್ಲ, ಮಗು ನಮ್ಮನ್ನ ಕೇಳಿದ್ರೆ ಎರಡು ಸ್ಟ್ರೋಕ್ ಹೋಗೋದು ಮಗುದೇ. ಕೈ ಆಡಿಸೋದೂ ಅದೇ ಲೆಕ್ಕಕ್ಕೆ ಬರುತ್ತೆ, ಕೆಮ್ಮೋದೂ ಬರುತ್ತೆ, ಬೇಕಂತ ಕೆಮ್ಮಿದ್ರೆ. ಪ್ರತಿ ಶಾಟಿಗೂ ಅಪ್ಪನ ಮುಖ ನೋಡೋ ಮಗು ತಾನಾಗಿ ಒಂದು ಪಟ್ ಓದೋದನ್ನ ಯಾವಾಗ ಕಲಿಯೋದು?

ಟೀವಿಲಿ ಬರೋ ರೊಟೀನ್ ಎಲ್ಲಾ ಮಕ್ಕಳು ಕಾಪಿ ಮಾಡ್ತಾರೆ, ಅದಕ್ಕೆ ಕೋಚ್‌ಗಳೂ ಸ್ವಲ್ಪ ಹೊಣೆ. ಪಿಚ್ ಮಾರ್ಕ್ (ಬಾಲ್ ಬಿದ್ದು ಗ್ರೀನಲ್ಲಿ ಆಗೋ ಗುಳಿ) ಸರಿ ಮಾಡೋದು, ಬಂಕರ್ ರೇಕ್ ಮಾಡೋದು, ಪಕ್ಕದವನ ಲೈನ್ ತುಳೀದೇ ಇರೋದು ಇದೆಲ್ಲ ಚೆನ್ನಾಗಿ ಕಲಿಸ್ತಾರೆ, ಬೇಗ ಆಡೋದನ್ನ ಮಾತ್ರ ಅದರ ಜೊತೆ ಸೇರಿಸಲ್ಲ. ಒಂದು ಪ್ರಾಕ್ಟೀಸ್ ರೌಂಡಲ್ಲಿ ಫೋನ್ ಸ್ಟಾಪ್‌ವಾಚ್ ಹಿಡಿದು ಮಗುಗೇ ತೋರಿಸಿ ನೋಡಿ, ಮಕ್ಕಳಿಗೆ ಅದೊಂದು ಆಟ ಆಗ್ಬಿಡುತ್ತೆ.

ಆರ್ಗನೈಸರ್‌ಗಳು ಯಾರಾದ್ರೂ ಓದ್ತಿದ್ರೆ, 6, 12, 18ನೇ ಹೋಲಲ್ಲಿ ಇಷ್ಟು ಗಂಟೆಗೆ ಇಲ್ಲಿರ್ಬೇಕು ಅಂತ ಮೊದಲನೇ ಟೀಲೇ ಚೀಟಿ ಕೊಟ್ಬಿಡಿ. ವಾಚ್ ಹಿಡಿದು ನಿಲ್ಲೋಕೆ ಜನ ಇಲ್ಲ ಅಂದ್ರೆ ಹೇಳಿ, ನಾನು ಬರ್ತೀನಿ, ನನ್ನ ಮಗಳ ಗ್ರೂಪ್ ಮಾತ್ರ ಬೇರೆಯವರಿಗೆ ಕೊಡಿ.